ಕುಸುಬೆಯ ಗುರುತೂ ಅದರ ಪೂರ್ವಕಥೆಯೂ

ಎಳ್ಳಮಾವಾಸ್ಯೆ ಕಳೆದು ಎರಡು ವಾರಗಳಾಗಿದ್ದುವು. ಕಲಬುರಗಿಯಿಂದ ಕಮಲಾಪುರಕ್ಕೆ ಹೋಗುವ ಪ್ರಸಂಗ ಬಂದಿತು. ದಾರಿ ಸುಮಾರು ನಲವತ್ತು ಕಿಲೋಮೀಟರು. ಜತೆಯಲ್ಲಿ ಮೊಮ್ಮಗಳಿದ್ದಳು. ಸೂರ್ಯಕಾಂತಿಯ ಕುಲಕ್ಕೆ ಸೇರಿದ ಐದು ಹೂಗಳನ್ನು ಒಣಗಿಸಿ ಕಾಗದಕ್ಕಂಟಿಸಿ ತರಬೇಕೆಂದು ಶಾಲೆಯಲ್ಲಿ ಅವಳಿಗೆ ಹೇಳಿದ್ದರು. ಸೇವಂತಿ, ಚೆಂಡುಹೂ, ಸೂರ್ಯಕಾಂತಿ, ಗುರೆಳ್ಳು ಎಂಬೀ ನಾಲ್ಕು ಆಗಲೇ ಸಿಕ್ಕಿದ್ದುವು. ಐದನೆಯದಾಗಿ ಕುಸುಬೆಯನ್ನು ತೋರಿಸುವೆನೆಂದು ನಾನು ಜಂಬದಿಂದ ಹೇಳಿದ್ದೆ. ದಾರಿಯ ಬದಿಯಲ್ಲಿ ಹಳದಿಯ ಹೂ ಬಿಟ್ಟ ಮುಳ್ಳಿನ ಗಿಡವೊಂದು ಕಂಡಿತು. ಬಂಡಿಯನ್ನು ನಿಲ್ಲಿಸಿ, "ಅಗೋ, ಅದೇ ಕುಸುಬೆ" ಎಂದೆನು. ಹುಡುಗಿ ಓಡಿಹೋಗಿ ಟೊಂಗೆಯನ್ನು ಮುರಿದಳು. ಮುರಿದ ಕಡೆಯಿಂದ ಅರಿಶಿನದ ಬಣ್ಣದ ಹಾಲು ಒಸರಿತು. ಬದುವಿನ ಮೇಲೆ ಕುಳಿತಿದ್ದ ಒಕ್ಕಲಿಗನೊಬ್ಬನು ನಕ್ಕು, "ಮಾಸ್ತರ್ರೇ, ಅದು ದತ್ತೂರಿ ಐತ್ರಿ. ಕುಸುಬಿ ಬೇಕಂದ್ರ ನಮ್ಮ ಹೊಲದಾಗೂ ಈಗ ಇಲ್ರಿ" ಎಂದನು. ಹುಡುಗಿ ನನ್ನ ಕಡೆಗೆ ತಿರುಗಿ, "ಮುತ್ಯಾ, ನಿಮಗೂ ಗೊತ್ತಿಲ್ಲೇನು?" ಎಂದು ಕೇಳಿದಳು.

ಆ ಪ್ರಶ್ನೆಯು ನನ್ನನ್ನು ನಾಚಿಸಿತು. ಕುಸುಬೆಯ ಎಣ್ಣೆಯ ಒಗ್ಗರಣೆಯನ್ನೇ ಉಂಡು ಬೆಳೆದವನು ನಾನು. ಅಂತಹವನೇ ಹತ್ತು ಮಾರು ದೂರದಿಂದ ಅದನ್ನು ಗುರುತಿಸಲಾರದೆ ಹೋದೆನು. ನಮ್ಮ ಮನೆಗಳಲ್ಲಿ ಇಂತಹ ಮರೆವು ನನ್ನೊಬ್ಬನದೇ ಆಗಿರಲಾರದು. ಆದುದರಿಂದ ಕುಸುಬೆಯೆಂದರೆ ಯಾವುದು, ಅದರ ಪೂರ್ವೋತ್ತರವೇನು, ಅದು ನಮ್ಮ ಹೊಲಗಳನ್ನು ಬಿಟ್ಟು ಹೋಗುತ್ತಿರುವುದೇಕೆ ಎಂಬುದನ್ನು ಈ ಲೇಖನದಲ್ಲಿ ವಾಚಕರ ಮುಂದಿಡಲು ಪ್ರಯತ್ನಿಸುವೆನು.

೧. ಕುಲ

ಕುಸುಬೆಯು ಸೇರಿರುವ ಕುಲವು ಹೂ ಬಿಡುವ ಸಸ್ಯಗಳಲ್ಲಿಯೇ ಅತ್ಯಂತ ದೊಡ್ಡ ಕುಲಗಳಲ್ಲಿ ಒಂದು. ಈ ಕುಲದ ಲಕ್ಷಣವು ವಿಚಿತ್ರವಾದುದು. ನಾವು ಯಾವುದನ್ನು ಒಂದು ಹೂವೆಂದು ಕೀಳುವೆವೋ ಅದು ಒಂದು ಹೂವಲ್ಲ. ನೂರಾರು ಕಿರುಹೂಗಳು ಒಂದೇ ಪೀಠದ ಮೇಲೆ ಒತ್ತಾಗಿ ಕುಳಿತ ಸಭೆ. ಸೇವಂತಿಯ ಒಂದೊಂದು ಎಸಳೂ ಒಂದೊಂದು ಹೂವೇ. ನಮ್ಮ ದೇವರ ಪೂಜೆಯ ದವನವೂ, ತಲೆಗೆ ಎಣ್ಣೆ ಕಾಯಿಸುವ ಗರುಗವೂ ಇದೇ ಕುಲದವು. ೧೯೫೫ರ ಸುಮಾರಿಗೆ ಪುಣೆಯಲ್ಲಿ ಮೊದಲು ಕಣ್ಣಿಗೆ ಬಿದ್ದು, ಈಗ ನಮ್ಮ ಊರುಗಳ ಖಾಲಿ ಜಾಗವನ್ನೆಲ್ಲ ಆಕ್ರಮಿಸಿರುವ ಕಾಂಗ್ರೆಸ್ ಗಿಡವೂ ಇದರ ದಾಯಾದಿಯೇ.

ಈ ಕುಲದ ಕೆಲವರು ಪರ್ವತವಾಸಿಗಳು. ಹಿಮಾಲಯದಲ್ಲಿ ಮೂರು ಸಾವಿರ ಮೀಟರಿಗೂ ಮೇಲಿನ ಎತ್ತರದಲ್ಲಿ ಅರಳುವ ಬ್ರಹ್ಮಕಮಲವು ಹೆಸರಿನಿಂದ ಕಮಲವಾದರೂ ಜಾತಿಯಿಂದ ಕುಸುಬೆಯ ಹತ್ತಿರದ ನೆಂಟ; ಎರಡೂ ಮುಳ್ಳುಗಿಡಗಳ ಒಂದೇ ಬಳಗಕ್ಕೆ ಸೇರಿದವು. ನಮ್ಮ ಮನೆಯಂಗಳಗಳಲ್ಲಿ ರಾತ್ರಿ ಅರಳುವುದನ್ನು ನೋಡಲು ನೆರೆಯವರನ್ನೆಲ್ಲ ಕರೆಯುವ 'ಬ್ರಹ್ಮಕಮಲ'ವಾದರೋ ಅಮೆರಿಕಾ ಖಂಡದಿಂದ ಬಂದ ಕಳ್ಳಿಯ ಜಾತಿ. ಹಿಮಾಲಯದ ಹೂವಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಹೆಸರನ್ನು ನಂಬಿ ಗಿಡವನ್ನು ಗುರುತಿಸಹೊರಟರೆ ಹೀಗಾಗುವುದು. ಕಮಲಾಪುರದ ದಾರಿಯಲ್ಲಿ ನನಗಾದುದೂ ಇದೇ ಬಗೆಯ ಮೋಸ. ಅಲ್ಲಿ ಹೆಸರಿನ ಬದಲು ಹಳದಿಯ ಬಣ್ಣವನ್ನೂ ಮುಳ್ಳನ್ನೂ ನಂಬಿದೆನು, ಅಷ್ಟೇ.

೨. ಗುರುತು

ಹಾಗಾದರೆ ಕುಸುಬೆಯನ್ನು ಗುರುತಿಸುವ ಬಗೆ ಹೇಗೆ? ಬಿತ್ತಿದ ಮೊದಲ ತಿಂಗಳಲ್ಲಿ ಅದು ಕಾಂಡವನ್ನು ಎತ್ತುವುದೇ ಇಲ್ಲ. ಎಲೆಗಳು ನೆಲಕ್ಕೆ ಅಂಟಿಕೊಂಡು ಚಕ್ರಾಕಾರವಾಗಿ ಹರಡಿರುತ್ತವೆ. ಆಗ ಅವು ಮೃದುವಾಗಿದ್ದು ಪಲ್ಯಕ್ಕೆ ಬರುತ್ತವೆ. ಆಮೇಲೆ ನಡುವಿನಿಂದ ನೆಟ್ಟನೆಯ ಗಟ್ಟಿಯಾದ ಕಾಂಡವೆದ್ದು ಮೇಲ್ಗಡೆ ಕವಲೊಡೆಯುತ್ತದೆ. ಎಲೆಗಳಿಗೆ ತೊಟ್ಟಿಲ್ಲ, ಅಂಚು ಗರಗಸದಂತಿದ್ದು ಒಂದೊಂದು ಹಲ್ಲಿನ ತುದಿಗೂ ಮುಳ್ಳಿರುತ್ತದೆ. ಪ್ರತಿಯೊಂದು ಕವಲಿನ ತುದಿಯಲ್ಲಿಯೂ ಹಸುರು ತೊಡಂಬೆಗಳಿಂದ ಬಿಗಿದ ಒಂದು ಬುಗುಡಿಯಂತಹ ಗುಂಡು ಮೊಗ್ಗು. ಅದರ ಬಾಯಿಂದ ಹಳದಿ ಅಥವಾ ಕಿತ್ತಳೆಯ ಬಣ್ಣದ ಎಳೆಗಳ ಕುಚ್ಚು ಹೊರಗೆ ಬರುತ್ತದೆ. ಹೂ ಬಾಡಿದಂತೆಲ್ಲ ಈ ಬಣ್ಣವು ಕೆಂಪಿಗೆ ತಿರುಗುವುದು ಕುಸುಬೆಯ ವಿಶೇಷ. ಸೂರ್ಯಕಾಂತಿಗಿರುವಂತೆ ಸುತ್ತಲೂ ಅಗಲವಾದ ಎಸಳುಗಳ ಬಳೆ ಇದಕ್ಕಿಲ್ಲ. ಬೀಜವು ಬೆಳ್ಳಗೆ, ನುಣುಪಾಗಿ, ಪುಟ್ಟ ಶಂಖದಂತೆ ಮೂಲೆಯುಳ್ಳದ್ದು.

ದತ್ತೂರಿಯನ್ನು ಮುರಿದರೆ ಹಳದಿಯ ಹಾಲು ಬರುವುದು. ಕುಸುಬೆಗೆ ಅಂತಹ ಹಾಲಿಲ್ಲ. ದತ್ತೂರಿಯ ಹೂವಿನಲ್ಲಿ ತೆಳುವಾದ ಅಗಲವಾದ ಎಸಳುಗಳು ಬಿಡಿಬಿಡಿಯಾಗಿರುವುವು. ಅದರ ಬೀಜವು ಕಪ್ಪು, ಸಾಸಿವೆಯಂತೆ ದುಂಡು. ಈ ಭೇದವನ್ನು ತಿಳಿಯುವುದು ಬರಿಯ ಪಾಂಡಿತ್ಯವಲ್ಲ. ದತ್ತೂರಿಯ ಎಣ್ಣೆ ವಿಷ. ೧೯೯೮ರಲ್ಲಿ ದಿಲ್ಲಿಯಲ್ಲಿ ಸಾಸಿವೆಯ ಎಣ್ಣೆಗೆ ಅದು ಬೆರೆತು, ಉಂಡವರಿಗೆ ಮೈ ಬಾವು ಬಂದು ಹಲವರು ಪ್ರಾಣ ಬಿಟ್ಟರು. ಇನ್ನು ನಮ್ಮ ಬೀಳು ಭೂಮಿಗಳಲ್ಲಿ ಕಾಣುವ ಬ್ರಹ್ಮದಂಡೆಯು ಕುಸುಬೆಯ ಬಳಗದ್ದೇ ಆದರೂ ಅದರ ಹೂಗೊಂಚಲು ಸುತ್ತಲೂ ಸಮನಾದ ಮುಳ್ಳಿನ ಚೆಂಡು. ಕುಸುಬೆಯ ಕುಚ್ಚು ಮೇಲ್ಮುಖವಾಗಿ ಮಾತ್ರ ಬರುವುದು.

ಪೇಟೆಯಲ್ಲಿ ಮತ್ತೊಂದು ಮೋಸವುಂಟು. ಒಣಗಿದ ಕುಸುಬೆಯ ಎಳೆಗಳನ್ನು ಕೇಸರಿಯೆಂದು ಮಾರುವುದು ಬಹು ಪ್ರಾಚೀನವಾದ ಕಸಬು. ಎರಡನ್ನೂ ನೀರಿನಲ್ಲಿ ನೆನೆಯಿಸಿ ನೋಡಿದರೆ ನಿಜವು ಹೊರಬೀಳುವುದು. ಕೇಸರಿಯ ಎಳೆಯು ತುದಿಗೆ ಹೋದಂತೆ ಅಗಲವಾಗಿ ಕಹಳೆಯ ಬಾಯಿಯಂತಾಗುತ್ತದೆ. ಕುಸುಬೆಯ ಎಳೆಯು ಸಣ್ಣ ಕೊಳವೆ; ಅದರ ತುದಿಯು ಐದು ಸೀಳಾಗಿ ಬಿಚ್ಚಿಕೊಳ್ಳುತ್ತದೆ. ಕೊಳ್ಳುವ ಗೃಹಿಣಿಯರು ಇದಿಷ್ಟನ್ನು ನೆನಪಿಟ್ಟರೆ ಸಾಕು.

೩. ಪ್ರಾಚೀನತೆ

ಕುಸುಬೆಯ ತೌರುಮನೆ ಪಶ್ಚಿಮ ಏಷ್ಯಾ ಎಂದು ಇಂದಿನ ಸಸ್ಯಶಾಸ್ತ್ರಜ್ಞರು ನಿರ್ಣಯಿಸಿರುವರು. ಪ್ಯಾಲೆಸ್ಟೈನ್ ಪ್ರಾಂತದಲ್ಲಿ ಈಗಲೂ ಕಾಡಾಗಿ ಬೆಳೆಯುವ ಒಂದು ಜಾತಿಯೇ ಇದರ ಪೂರ್ವಜವೆಂದು ಈ ಶತಮಾನದ ಆರಂಭದಲ್ಲಿ ನಡೆದ ಶೋಧನೆಗಳಿಂದ ತಿಳಿದುಬಂದಿದೆ. ಅಲ್ಲಿಂದ ಇದು ಈಜಿಪ್ತಕ್ಕೆ ಹೋಯಿತು. ಅಲ್ಲಿ ರಾಜರ ಶವಗಳಿಗೆ ಹಾಕಿದ ಹೂಮಾಲೆಗಳಲ್ಲಿ ಕುಸುಬೆಯ ಹೂಗಳು ದೊರೆತಿವೆ. ಮೂರು ಸಾವಿರ ವರ್ಷಗಳಿಗೂ ಹಿಂದೆ ಬದುಕಿದ್ದ ಜನರು ತಮ್ಮ ಅರಸನನ್ನು ಕಳುಹಿಸಿಕೊಡುವಾಗ ಆರಿಸಿಕೊಂಡ ಹೂವನ್ನು ನಮ್ಮ ಒಕ್ಕಲಿಗರು ದನಕ್ಕೆ ಬೇಲಿಯಾಗಿ ಬಿತ್ತುತ್ತಿದ್ದರು! ಪೂರ್ವದಿಕ್ಕಿಗೆ ಇದು ಚೀನವನ್ನು ಹಾಯ್ದು ಜಪಾನಿನವರೆಗೂ ಹೋಯಿತು. ಅಲ್ಲಿಯ ಯಮಗಾತ ಪ್ರಾಂತದಲ್ಲಿ ಈ ಹೂವಿನ ಕೆಂಪನ್ನು 'ಬೆನಿ' ಎಂದು ಕರೆದು ತುಟಿಗೂ ರೇಷ್ಮೆಗೂ ಬಳಸುತ್ತ ಬಂದರು.

ಭರತಖಂಡಕ್ಕೆ ಇದು ಬಂದುದು ಎಂದೆಂಬುದಕ್ಕಿಂತ, ಬಂದು ನಮ್ಮದೇ ಆಯಿತೆಂಬುದು ಮುಖ್ಯವು. ಅಮರಸಿಂಹನು ತನ್ನ ಕೋಶದಲ್ಲಿ ಕುಸುಂಭಕ್ಕೆ ವಹ್ನಿಶಿಖ, ಮಹಾರಜನ ಎಂಬ ಪರ್ಯಾಯಗಳನ್ನು ಕೊಟ್ಟಿದ್ದಾನೆ. ಬೆಂಕಿಯ ನಾಲಗೆಯಂತೆ ಕುಚ್ಚುಳ್ಳದ್ದು ಎಂಬುದು ಒಂದು. ಬಣ್ಣಗಳಲ್ಲಿ ಹಿರಿದಾದುದು ಎಂಬುದು ಇನ್ನೊಂದು. ಹೂವನ್ನು ನೋಡಿದವನೇ ಇಟ್ಟ ಹೆಸರುಗಳಿವು. ಕಾಳಿದಾಸನು ಋತುಸಂಹಾರದ ವಸಂತವರ್ಣನೆಯಲ್ಲಿ ಕುಸುಂಭದ ಬಣ್ಣದಿಂದ ಕೆಂಪೇರಿದ ದುಕೂಲಗಳನ್ನು ಹೆಂಗಳೆಯರಿಗೆ ಉಡಿಸಿದ್ದಾನೆ.

ಆಲಂಕಾರಿಕರು ಈ ಬಣ್ಣವನ್ನು ಇನ್ನೂ ಸೂಕ್ಷ್ಮವಾಗಿ ಪರೀಕ್ಷಿಸಿದರು. ಸಾಹಿತ್ಯದರ್ಪಣಕಾರನಾದ ವಿಶ್ವನಾಥನು ಅನುರಾಗವನ್ನು ಮೂರು ಬಗೆಯಾಗಿ ವಿಂಗಡಿಸಿರುವನು. ಹೊರಗೆ ಅಷ್ಟಾಗಿ ಹೊಳೆಯದಿದ್ದರೂ ಮನಸ್ಸಿನಿಂದ ಅಳಿಯದಿರುವುದು ನೀಲೀರಾಗ. ಬಹಳವಾಗಿ ಹೊಳೆದು ಬೇಗನೆ ಅಳಿಯುವುದು ಕುಸುಂಭರಾಗ. ಹೊಳೆಯುವುದೂ ಆಗಿ ಅಳಿಯದಿರುವುದೂ ಆದುದು ಮಂಜಿಷ್ಠಾರಾಗ. ನೀಲಿ, ಕುಸುಬೆ, ಮಂಜಿಷ್ಠ ಎಂಬೀ ಮೂರೂ ಬಣ್ಣಗಾರನ ಅಂಗಡಿಯ ಸರಕುಗಳು. ಕುಸುಬೆಯ ಕೆಂಪು ಬಿಸಿಲಿಗೆ ನಿಲ್ಲದೆಂಬುದನ್ನು ಚೆನ್ನಾಗಿ ಬಲ್ಲ ಸಮಾಜವೊಂದಿಲ್ಲದೆ ಇಂತಹ ಉಪಮಾನವು ಹುಟ್ಟುತ್ತಿರಲಿಲ್ಲ. ಪಂಡಿತನ ಲಕ್ಷಣಗ್ರಂಥಕ್ಕೂ ಅಗಸನ ಕಲ್ಲಿಗೂ ಇರುವ ನಂಟು ಇಲ್ಲಿ ಕಾಣುವುದು.

ಕಲಬುರಗಿಯ ಸೀಮೆಯಲ್ಲಿ ಈ ಗಿಡಕ್ಕೆ ಹಲವು ಹೆಸರು. ಕನ್ನಡದಲ್ಲಿ ಕುಸುಬೆ, ಕುಸುಬಿ, ಕುಸುಂಬೆ. ೧೮೯೪ರಲ್ಲಿ ಪ್ರಕಟವಾದ ಕಿಟ್ಟೆಲ್ಲರ ನಿಘಂಟಿಗೂ ಈ ಮಾತು ಸೇರಿದೆ. ತೆಲುಗರಿಗೆ ಇದು ಕುಸುಮ, ಮರಾಠಿಗರಿಗೆ ಕರಡಈ. ೧೩೪೭ರಲ್ಲಿ ಬಹಮನಿ ರಾಜ್ಯವು ಸ್ಥಾಪನೆಯಾದ ಕಾಲದಿಂದ ೧೯೪೮ರ ಸೆಪ್ಟೆಂಬರದಲ್ಲಿ ಹೈದರಾಬಾದ ಸಂಸ್ಥಾನವು ಮುಗಿಯುವವರೆಗೂ ನಾಲ್ಕು ಭಾಷೆಗಳ ಜನರು ಈ ಪೇಟೆಯಲ್ಲಿ ಕೊಡುಕೊಳ್ಳುವಿಕೆ ನಡೆಯಿಸಿದರು. ಅರಸರು ಬದಲಾದರೂ ಎರೆಯ ಹೊಲದ ಬೆಳೆಗಳಿಗೆ ಇರುವ ಹೆಸರುಗಳು ಬದಲಾಗಲಿಲ್ಲ.

೪. ಬಣ್ಣದ ಕಾಲ

ಕುಸುಬೆಯ ಹೂವಿನಲ್ಲಿ ಎರಡು ಬಣ್ಣಗಳು ಕೂಡಿಕೊಂಡಿವೆ. ಒಂದು ಹಳದಿ, ಅದು ನೀರಿನಲ್ಲಿ ಕರಗುವುದು. ಇನ್ನೊಂದು ಕೆಂಪು, ಅದು ಬರಿಯ ನೀರಿನಲ್ಲಿ ಕರಗದು, ಕ್ಷಾರದಲ್ಲಿ ಮಾತ್ರ ಕರಗುವುದು. ಬಣ್ಣಗಾರರ ಜಾಣತನವೆಲ್ಲ ಈ ಭೇದದ ಮೇಲೆ ನಿಂತಿತ್ತು. ಮುಂಜಾನೆ ಎಳೆಗಳನ್ನು ಬಿಡಿಸಿ ತಂದು ನೆರಳಿನಲ್ಲಿ ಒಣಗಿಸುವರು. ಅವನ್ನು ಅರಿವೆಯಲ್ಲಿ ಕಟ್ಟಿ ನೀರಿನಲ್ಲಿ ತುಳಿದು ತುಳಿದು ಹಳದಿಯೆಲ್ಲ ಹರಿದು ಹೋಗುವವರೆಗೂ ತೊಳೆಯುವರು. ತರುವಾಯ ಸಜ್ಜಿಕಾರವನ್ನೋ ಬೂದಿಯ ತಿಳಿಯನ್ನೋ ಹಾಕಿ ನಾದುವರು. ಆಗ ಕೆಂಪು ಬಿಟ್ಟುಕೊಳ್ಳುವುದು. ಆ ನೀರಿಗೆ ನಿಂಬೆಯ ಹುಳಿಯನ್ನು ಹಿಂಡಿದೊಡನೆ ಬಣ್ಣವು ಕ್ಷಾರವನ್ನು ಬಿಟ್ಟು ಅರಿವೆಗೆ ಹಿಡಿಯುವುದು. ಬೇರೆ ಬಣ್ಣಗಳಿಗೆ ಬೇಕಾಗುವಂತೆ ಪಟಿಕದ ಒಗರು ಇದಕ್ಕೆ ಬೇಡ. ಹುಳಿಯ, ಕ್ಷಾರದ ಪ್ರಮಾಣಗಳಿಂದ ಎಳೆಗುಲಾಬಿಯಿಂದ ಹಿಡಿದು ಕಡುಗೆಂಪಿನವರೆಗೆ ಹಲವು ಛಾಯೆಗಳನ್ನು ಪಡೆಯುತ್ತಿದ್ದರು. ರಸಾಯನಶಾಸ್ತ್ರದ ಪುಸ್ತಕವನ್ನು ಕಾಣದವರ ಕೈಯಲ್ಲಿ ಈ ಶಾಸ್ತ್ರವು ನಡೆಯುತ್ತಿತ್ತು.

ಇಂಗ್ಲಿಷರ ವ್ಯಾಪಾರವು ಬೆಳೆದಂತೆ ಬಂಗಾಲದ ಕುಸುಬೆಯ ಹೂವು ಯುರೋಪಿಗೆ ಹೋಗತೊಡಗಿತು. ಢಾಕಾದ ಸರಕಿಗೆ ಅಲ್ಲಿ ಒಳ್ಳೆಯ ಬೆಲೆ. ಅದನ್ನು ನುಣ್ಣನೆಯ ಬಳಪದ ಪುಡಿಯೊಡನೆ ಬೆರೆಸಿ ನಾಟಕದವರೂ ಶ್ರೀಮಂತ ಸ್ತ್ರೀಯರೂ ಕೆನ್ನೆಗೆ ಹಚ್ಚಿಕೊಳ್ಳುವ ಕೆಂಪನ್ನು ಮಾಡುತ್ತಿದ್ದರು. ಸರಕಾರಿ ಕಡತಗಳನ್ನು ಕಟ್ಟುವ ಕೆಂಪುಪಟ್ಟಿಗೂ ಇಂಗ್ಲೆಂಡಿನಲ್ಲಿ ಈ ಬಣ್ಣವನ್ನೇ ಹಾಕುತ್ತಿದ್ದರು. ಕಚೇರಿಯ ಕೆಂಪುಪಟ್ಟಿಯನ್ನು ಶಪಿಸುವ ನಾವು ಅದರ ಕೆಂಪು ನಮ್ಮ ಹೊಲದ ಹೂವಿನದೆಂಬುದನ್ನು ಅರಿಯೆವು.

೧೮೫೬ರಲ್ಲಿ ವಿಲಿಯಂ ಪರ್ಕಿನ್ ಎಂಬ ಹದಿನೆಂಟು ವರ್ಷದ ತರುಣನು ಲಂಡನ್ನಿನಲ್ಲಿ ಡಾಂಬರಿನ ಮೂಲದಿಂದ ನೇರಳೆಯ ಬಣ್ಣವನ್ನು ಹೊರಡಿಸಿದನು. ಅದರ ಹಿಂದೆಯೇ ಒಂದೊಂದಾಗಿ ಕೃತಕ ಬಣ್ಣಗಳು ಹುಟ್ಟಿದುವು. ಬೆಲೆ ಅಗ್ಗ, ಕೆಲಸ ಸುಲಭ. ೧೮೭೧ರಲ್ಲಿ ಮುಂಬಯಿಯ ಕಡೆಯ ರೈಲುಹಾದಿಯು ಕಲಬುರಗಿಯನ್ನು ಹಾಯ್ದು ರಾಯಚೂರಿನಲ್ಲಿ ಮದ್ರಾಸಿನ ಹಾದಿಯನ್ನು ಕೂಡಿತು. ಇನ್ನು ಮೇಲೆ ವಿಲಾಯಿತಿಯ ಬಣ್ಣದ ಡಬ್ಬಿಗಳು ನಮ್ಮ ಬಣ್ಣಗಾರರ ಓಣಿಗೆ ಬರಲು ತಡೆಯೇನಿತ್ತು? ನೀಲಿಯ ಕಷ್ಟವನ್ನು ಕುರಿತು ಚರಿತ್ರೆಯಲ್ಲಿ ಬಹಳ ಬರೆದಿರುವರು. ಕುಸುಬೆಯ ಬಣ್ಣವಾದರೋ ಯಾರೂ ಗಮನಿಸದಂತೆ, ತನ್ನ ಸ್ವಭಾವಕ್ಕೆ ತಕ್ಕಂತೆ, ಮಾಸಿಹೋಯಿತು.

೫. ಎಣ್ಣೆಯ ಕಾಲ

ಬಣ್ಣ ಹೋದರೂ ಗಿಡವು ಉಳಿದುದು ಬೀಜದ ದೆಸೆಯಿಂದ. ೧೮೮೯ರಿಂದ ೧೮೯೩ರವರೆಗೆ ಸಂಪುಟ ಸಂಪುಟವಾಗಿ ಹೊರಬಂದ ತನ್ನ ಹಿಂದುಸ್ಥಾನದ ಆರ್ಥಿಕ ಉತ್ಪನ್ನಗಳ ಕೋಶದಲ್ಲಿ ಜಾರ್ಜ್ ವಾಟ್ ಎಂಬ ಪಂಡಿತನು ಒಂದು ಅಂಶವನ್ನು ಗುರುತಿಸಿದನು: ಮುಳ್ಳಿಲ್ಲದ ಕುಸುಬೆ ಬಣ್ಣಕ್ಕೆ ಮೇಲು, ಮುಳ್ಳಿನ ಕುಸುಬೆ ಎಣ್ಣೆಗೆ ಮೇಲು. ತರುವಾಯ ಬಿಹಾರದ ಪೂಸಾದಲ್ಲಿ ಕೆಲಸ ಮಾಡುತ್ತಿದ್ದ ಆಲ್ಬರ್ಟ್ ಹೋವರ್ಡ್, ಅವರ ಪತ್ನಿ ಗೇಬ್ರಿಯಲ್ ಹೋವರ್ಡ್, ಅವರ ಸಹೋದ್ಯೋಗಿ ಅಬ್ದುರ್ ರೆಹಮಾನ್ ಖಾನ್ ಇವರು ಮುಳ್ಳು, ಎಲೆ, ಹೂವಿನ ಬಣ್ಣ ಇವುಗಳ ಮೇಲಿಂದ ಕುಸುಬೆಯ ತಳಿಗಳನ್ನು ವಿಂಗಡಿಸಿ ೧೯೧೫ರಲ್ಲಿ ಪ್ರಕಟಿಸಿದರು. ಹೊಲದಲ್ಲಿ ಜೇನುಹುಳಗಳಿಂದ ತಳಿಗಳು ಒಂದರೊಡನೊಂದು ಬೆರೆಯುವುವೆಂಬುದನ್ನೂ ಅವರು ತೋರಿಸಿಕೊಟ್ಟರು. ಶುದ್ಧವಾದ ಬೀಜವನ್ನು ಕಾಪಾಡಬೇಕಾದರೆ ಬೇರೆ ತಳಿಯಿಂದ ದೂರ ಬಿತ್ತಬೇಕೆಂಬ ಪಾಠವು ಇದರಿಂದಲೇ ತಿಳಿದುದು.

ಕಲಬುರಗಿಯ ಎರೆಭೂಮಿಯು ಮುಳ್ಳಿನ ಕುಸುಬೆಯ ನಾಡು. ಬೀಜದಲ್ಲಿ ನೂರಕ್ಕೆ ಸುಮಾರು ಮೂವತ್ತು ಪಾಲು ಎಣ್ಣೆ. ಗಾಣಿಗರ ಮನೆಯ ಎತ್ತು ಸುತ್ತುತ್ತಿದ್ದ ಕಾಲದಲ್ಲಿ ತಿಳಿಹಳದಿಯ ಈ ಎಣ್ಣೆಯೇ ನಮ್ಮ ರೊಟ್ಟಿ, ಪಲ್ಯ, ಚಟ್ನಿಪುಡಿಗಳ ಜತೆಗಾತಿ. ಹಿಂಡಿಯು ಎತ್ತಿಗೆ. ಬೀಜವನ್ನು ನೆನೆಯಿಟ್ಟು ರುಬ್ಬಿ ಹಿಂಡಿದರೆ ಬರುವ ಹಾಲಿನಲ್ಲಿ ಗೋದಿಯನ್ನೂ ಬೆಲ್ಲವನ್ನೂ ಬೇಯಿಸಿ ಮಾಡುವ ಕುಸುಬಿ ಹುಗ್ಗಿಯ ರುಚಿಯನ್ನು ಬಲ್ಲ ಹಿರಿಯರು ಇನ್ನೂ ಇರುವರು.

ತಿನ್ನುವ ಎಣ್ಣೆಯಲ್ಲದೆ ಮತ್ತೊಂದು ಬಗೆಯ ಎಣ್ಣೆಯೂ ಉಂಟು. ಬಾಯಿಗೆ ತೂತಿನ ಮುಚ್ಚಳವಿಟ್ಟ ಗಡಿಗೆಯಲ್ಲಿ ಬೀಜವನ್ನು ತುಂಬಿ, ನೆಲದಲ್ಲಿ ಹೂಳಿದ ಇನ್ನೊಂದು ಗಡಿಗೆಯ ಮೇಲೆ ಅದನ್ನು ಬೋರಲಾಗಿರಿಸಿ, ಸುತ್ತಲೂ ಕುರುಳಿನ ಬೆಂಕಿಯನ್ನು ಹಾಕುವರು. ಬೀಜವು ಸುಟ್ಟು, ಕಪ್ಪಾದ ಅಂಟೆಣ್ಣೆಯು ಕೆಳಗಿನ ಗಡಿಗೆಗೆ ಇಳಿಯುವುದು. ಅದು ಊಟಕ್ಕೆ ಬಾರದು. ಬಾವಿಯ ಹಗ್ಗಕ್ಕೂ ಕಪಿಲೆಯ ತೊಗಲಿಗೂ ಅದನ್ನು ಹಚ್ಚಿದರೆ ನೀರಿನಲ್ಲಿ ಕೊಳೆಯದೆ ಬಹುಕಾಲ ಬಾಳುವುವು. ಕಪಿಲೆಗಳು ಹೋದುವು, ಅವುಗಳ ಸಂಗಡ ಈ ಎಣ್ಣೆಯನ್ನು ಇಳಿಸುವ ವಿದ್ಯೆಯೂ ಹೋಯಿತು.

೬. ಬೆಳೆಯುವ ಕ್ರಮ

ಕುಸುಬೆಯು ಹಿಂಗಾರಿಯ ಬೆಳೆ. ಉತ್ತರೆಯ ಮಳೆ ಹೊಯ್ದು ನೆಲವು ಹದಕ್ಕೆ ಬಂದ ಮೇಲೆ, ಹಸ್ತದ ಒಳಗಾಗಿ, ಅಂದರೆ ಸೆಪ್ಟೆಂಬರದ ಕೊನೆಯಿಂದ ಅಕ್ಟೋಬರದ ಮೊದಲ ಪಕ್ಷದೊಳಗೆ ಕೂರಿಗೆಯಿಂದ ಬಿತ್ತುವುದು ರೂಢಿ. ಹೆಕ್ಟೇರಿಗೆ ಎಂಟು ಹತ್ತು ಕಿಲೋ ಬೀಜ ಸಾಕು. ಮೇಲೆ ಮಳೆ ಬಾರದಿದ್ದರೂ ಚಿಂತೆಯಿಲ್ಲ. ಇದರ ತಾಯಿಬೇರು ಎರಡು ಮೀಟರಿಗೂ ಆಳಕ್ಕಿಳಿದು, ಬೇರೆ ಬೆಳೆಗಳಿಗೆ ಎಟುಕದ ತೇವವನ್ನು ಹೀರಿಕೊಳ್ಳುವುದು. ಬೇಸಗೆಯಲ್ಲಿ ಬಿರಿಯುವ ಎರೆಭೂಮಿಗೂ ಈ ಬೇರಿಗೂ ಹೇಳಿ ಮಾಡಿಸಿದ ಜೋಡಿ. ಆದರೆ ನೀರು ನಿಲ್ಲುವ ತಗ್ಗಿನಲ್ಲಿ ಇದು ಬೇರು ಕೊಳೆತು ಸಾಯುವುದು. ಬರಕ್ಕೆ ಹೆದರದ ಗಿಡವು ಹೆಚ್ಚಿನ ನೀರಿಗೆ ಹೆದರುವುದು.

ಹಿಂದೆ ಇದನ್ನು ಒಂಟಿಯಾಗಿ ಬಿತ್ತುತ್ತಿದ್ದುದು ಕಡಿಮೆ. ಜೋಳ, ಕಡಲೆ, ಗೋದಿಗಳ ನಡುವೆ ಅಕ್ಕಡಿ ಸಾಲಾಗಿ, ಇಲ್ಲವೆ ಹೊಲದ ಸುತ್ತ ಎರಡು ಮೂರು ಸಾಲಾಗಿ ಬಿತ್ತುವರು. ಮುಳ್ಳು ಬಲಿತ ಮೇಲೆ ದನವು ಒಳಗೆ ಕಾಲಿಡದು. ಹೀಗೆ ಬೇಲಿಯೂ ಆಯಿತು, ಮನೆಯ ವರ್ಷದ ಎಣ್ಣೆಯೂ ಆಯಿತು. ಬಿತ್ತಿದ ಮೂರು ನಾಲ್ಕು ವಾರಕ್ಕೆ ಒತ್ತಾದ ಸಸಿಗಳನ್ನು ಕಿತ್ತು ತೆಳುವು ಮಾಡುವರು; ಕಿತ್ತ ಸಸಿಯೇ ಪಲ್ಯ. ಎಳ್ಳಮಾವಾಸ್ಯೆಯಂದು ಚರಗ ಚೆಲ್ಲಲು ಮನೆಮಂದಿಯೆಲ್ಲ ಹೊಲಕ್ಕೆ ಹೋಗುವ ಹೊತ್ತಿಗೆ ಗಿಡವು ಮೊಗ್ಗು ಹಿಡಿದಿರುತ್ತದೆ; ಸಂಕ್ರಾಂತಿಯ ಸುಮಾರಿಗೆ ಹೂ. ಕಪ್ಪುಹೇನು ಇದರ ಮುಖ್ಯ ಶತ್ರು. ತಡವಾಗಿ ಬಿತ್ತಿದ ಬೆಳೆಗೆ ಅದರ ಕಾಟ ಹೆಚ್ಚು. ನಾಲ್ಕು ನಾಲ್ಕೂವರೆ ತಿಂಗಳಿಗೆ ಬೆಳೆಯು ಒಣಗಿ ಕೊಯಿಲಿಗೆ ಬರುವುದು. ಬಿಸಿಲೇರಿದ ಮೇಲೆ ಮುಳ್ಳು ಸೂಜಿಯಾಗುವುದರಿಂದ, ಇಬ್ಬನಿಯಲ್ಲಿ ನೆನೆದು ಮೆತ್ತಗಿರುವ ಬೆಳಗಿನ ಜಾವದಲ್ಲಿಯೇ ಕೈಗೆ ಅರಿವೆ ಸುತ್ತಿಕೊಂಡು ಕೊಯ್ಯುವರು. ಕಣದಲ್ಲಿ ಬಡಿಗೆಯಿಂದ ಬಡಿದು ರಾಶಿ ಮಾಡುವರು. ಕೊಯ್ಯಲು ಹೋದ ಹೆಂಗಸರ ಕೈಕಾಲುಗಳ ಗಾಯವನ್ನು ಕಂಡವರು ಕುಸುಬೆಯ ಎಣ್ಣೆಯನ್ನು ಅಗ್ಗವೆಂದು ಹೇಳಲಾರರು.

೭. ಇಳಿಗಾಲ

ಸ್ವಾತಂತ್ರ್ಯಾನಂತರ ಈ ಬೆಳೆಗೆ ವಿದ್ವಾಂಸರ ಆರೈಕೆ ಕಡಿಮೆಯಾಗಲಿಲ್ಲ. ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಸಂಶೋಧನಾ ಕೇಂದ್ರದಿಂದ ಬಂದ 'ಅಣ್ಣಿಗೇರಿ-೧' ಎಂಬ ತಳಿಯು ನಮ್ಮ ಎರೆಯ ಸೀಮೆಯಲ್ಲೆಲ್ಲ ಹಬ್ಬಿತು. ಸೊಲ್ಲಾಪುರವು ಅಖಿಲ ಭಾರತದ ಕುಸುಬೆಯ ಸಂಶೋಧನೆಗೆ ಕೇಂದ್ರವಾಗಿತ್ತು. ಸಾತಾರಾ ಜಿಲ್ಲೆಯ ಫಲಟಣದ ನಿಂಬಕರ ಸಂಸ್ಥೆಯವರು 'ನಾರಿ-೬' ಮೊದಲಾದ ಮುಳ್ಳಿಲ್ಲದ ತಳಿಗಳನ್ನು ಹೊರಡಿಸಿದರು. ವೈದ್ಯರೂ ಈ ಎಣ್ಣೆಯನ್ನು ಹೊಗಳಿದರು. ಅದರ ಮೇದಸ್ಸಿನಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಪಾಲು ಲಿನೋಲಿಕ್ ಆಮ್ಲವಿರುವುದೆಂದು ಕಂಡುಬಂದಿತ್ತು.

ಇಷ್ಟೆಲ್ಲ ಆದರೂ ಬೆಳೆ ಉಳಿಯಲಿಲ್ಲ. ಕಳೆದ ಶತಮಾನದ ಕೊನೆಯ ದಶಕದಲ್ಲಿ ದೇಶದಲ್ಲಿ ಹಲವು ಲಕ್ಷ ಹೆಕ್ಟೇರುಗಳಲ್ಲಿದ್ದ ಕುಸುಬೆಯು ಮೂವತ್ತು ವರ್ಷಗಳೊಳಗೆ ಒಂದು ಲಕ್ಷಕ್ಕೂ ಕೆಳಗಿಳಿಯಿತು. ಇದಕ್ಕೆ ಕಾರಣಗಳನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಹಡಗಿನಲ್ಲಿ ಬರುವ ತಾಳೆಯೆಣ್ಣೆಯ ಬೆಲೆಗೆ ಗಾಣದ ಎಣ್ಣೆ ಎದುರು ನಿಲ್ಲಲಾರದೆ ಹೋಯಿತು. ಸೂರ್ಯಕಾಂತಿ ಬಂದಿತು, ಅದಕ್ಕೆ ಮುಳ್ಳಿಲ್ಲ. ತೊಗರಿಗೂ ಕಡಲೆಗೂ ಪೇಟೆಯಲ್ಲಿ ನಿಶ್ಚಿತವಾದ ಗಿರಾಕಿಗಳುಂಟು. ಎಲ್ಲಕ್ಕಿಂತ ಮಿಗಿಲಾಗಿ, ಆ ದಿನ ಬದುವಿನ ಮೇಲಿದ್ದ ಒಕ್ಕಲಿಗನು ಹೇಳಿದ ಮಾತು: "ಮುಳ್ಳಿನ ಬೆಳಿ ಕೊಯ್ಲಾಕ ಆಳು ಯಾರ ಬರ್ತಾರ್ರಿ? ನಮ್ಮ ಮನಿ ಹೆಣ್ಮಕ್ಕಳೇ ಒಲ್ಲೆ ಅಂತಾರ." ಆತನನ್ನು ದೂಷಿಸಲು ನನಗೆ ಬಾಯಿ ಬರಲಿಲ್ಲ. ಮುಳ್ಳು ಚುಚ್ಚುವುದು ಆತನ ಮನೆಯವರ ಕೈಗೆ. ಎಣ್ಣೆಯ ಗುಣವನ್ನು ಕುರಿತು ಲೇಖನ ಬರೆಯುವವರ ಕೈಗಲ್ಲ.

ಇದೇ ಸೀಮೆಯಲ್ಲಿ ಬೇರೊಂದು ಕಥೆಯೂ ನಡೆದಿದೆ. ಕಮಲಾಪುರದ ಕೆಂಪು ಬಾಳೆಯನ್ನು ಬೆಳೆಯುವವರು ಕೆಲವೇ ಹಳ್ಳಿಗಳ ಜನರು. ಗಿಡಕ್ಕೆ ನೀರು ಬಹಳ, ಕಾಯುವ ಕಾಲ ಬಹಳ. ಆದರೂ ಊರ ಹೆಸರಿಗೆ ಅಂಟಿದ ಆ ಹಣ್ಣಿಗೆ ಸರಕಾರದ ಭೌಗೋಳಿಕ ಗುರುತು ದೊರೆತು, ಅದರ ಕೀರ್ತಿಯು ಹೊರನಾಡುಗಳಿಗೂ ಹಬ್ಬಿತು. ೨೦೧೯ರಲ್ಲಿ ಕಲಬುರಗಿಯ ತೊಗರಿಬೇಳೆಗೂ ಅಂತಹ ಗುರುತು ಬಂದಿತು. ಹೆಸರೊಂದು ನಿಂತರೆ ಬೆಳೆಯೂ ನಿಲ್ಲಲು ಆಸರೆಯಾಗುವುದೆಂಬುದಕ್ಕೆ ಇವೆರಡೂ ಸಾಕ್ಷಿ. ಕುಸುಬೆಯು ಯಾವ ಒಂದು ಊರಿನದೂ ಆಗಿರಲಿಲ್ಲ. ಎಲ್ಲರ ಬದುವಿನ ಮೇಲೂ ಇತ್ತು. ಎಲ್ಲರದೂ ಆದುದನ್ನು ಯಾರೂ ತಮ್ಮದೆನ್ನಲಿಲ್ಲ.

೮. ಮುಕ್ತಾಯ

ಒಂದು ಬೆಳೆ ಬದಲಾಗುವುದು ಅನ್ಯಾಯವೆಂದು ನಾನು ಹೇಳುವುದಿಲ್ಲ. ಒಕ್ಕಲಿಗನು ಬದುಕುವ ಬೆಳೆಯನ್ನೇ ಬಿತ್ತಬೇಕು. ಆದರೆ ಬೆಳೆಯೊಡನೆ ಅದರ ಗುರುತೂ, ಅದರ ಮಾತುಗಳೂ, ಅದರ ಬಣ್ಣ ತೆಗೆಯುವ ವಿದ್ಯೆಯೂ ಹೋಗಬೇಕೆಂಬ ನಿಯಮವೇನೂ ಇಲ್ಲ. ಮಳೆ ಕೈಕೊಟ್ಟ ವರ್ಷಗಳಲ್ಲಿ ಎರಡು ಮೀಟರು ಬೇರು ಬಿಡುವ ಗಿಡವು ಮತ್ತೆ ಬೇಕಾದೀತು. ಆಗ ಬೀಜವಿದ್ದು ಅದನ್ನು ಬಲ್ಲವರು ಇಲ್ಲದಿದ್ದರೆ ಫಲವೇನು? ಮುಳ್ಳಿಲ್ಲದ ತಳಿಗಳು ದೊರೆಯುವ ಈ ಕಾಲದಲ್ಲಿ ನಮ್ಮ ಓದುಬಲ್ಲ ಮನೆತನಗಳಿಂದ ಮೂರು ಕೆಲಸಗಳು ಸಾಧ್ಯ. ಮನೆಯ ಹಿತ್ತಲಲ್ಲಿ ದಸರೆಯ ಹೊತ್ತಿಗೆ ಒಂದು ಹಿಡಿ ಬೀಜವನ್ನು ಹಾಕುವುದು. ಹಿರಿಯರ ಬಾಯಿಂದ ಕುಸುಬೆಯ ಅಡಿಗೆ, ಬಣ್ಣ, ಒಕ್ಕಲುತನಗಳ ಮಾತುಗಳನ್ನು ಬರೆದಿಡುವುದು. ಹೊಲವುಳ್ಳವರು ಬದುವಿಗೆ ಒಂದು ಸಾಲನ್ನು ಬಿತ್ತಿಸುವುದು.

ಕಮಲಾಪುರದಿಂದ ಹಿಂದಿರುಗುವಾಗ ಆ ಒಕ್ಕಲಿಗನು ತೋರಿಸಿಕೊಟ್ಟ ದಾರಿಯಲ್ಲಿ ಹೋಗಿ, ಒಂದು ಕಡಲೆಯ ಹೊಲದ ಅಂಚಿನಲ್ಲಿ ತಾವಾಗಿಯೇ ಎದ್ದಿದ್ದ ನಾಲ್ಕು ಕುಸುಬೆಯ ಗಿಡಗಳನ್ನು ಕಂಡೆವು. ಹುಡುಗಿ ಈ ಸಲ ಓಡಲಿಲ್ಲ. ಮೊದಲು ಎಲೆಯ ಅಂಚನ್ನು ನೋಡಿದಳು. ಟೊಂಗೆಯನ್ನು ಮುರಿದು ಹಾಲಿಲ್ಲವೆಂಬುದನ್ನು ನೋಡಿದಳು. ಕುಚ್ಚಿನಿಂದ ಒಂದು ಎಳೆಯನ್ನು ಕಿತ್ತು ತುದಿಯ ಐದು ಸೀಳುಗಳನ್ನು ಎಣಿಸಿದಳು. ಆಮೇಲೆ ನನ್ನನ್ನು ಕೇಳದೆ ತಾನೇ, "ಮುತ್ಯಾ, ಇದು ಕುಸುಬಿ" ಎಂದಳು. ಒಂದು ಹೂವು ಅವಳ ಕಾಗದಕ್ಕೆ ಹೋಯಿತು. ಉಳಿದ ಮೂರು ಗಿಡಗಳ ಬೀಜವನ್ನು ಬಲಿತ ಮೇಲೆ ತಂದುಕೊಡುವೆನೆಂದು ಹೊಲದವನು ಒಪ್ಪಿಕೊಂಡಿದ್ದಾನೆ. ಬರುವ ಹಸ್ತದ ಮಳೆಯನ್ನು ನಮ್ಮ ಮನೆಯಲ್ಲಿ ಒಬ್ಬಳು ಈಗಿನಿಂದಲೇ ಕಾಯುತ್ತಿರುವಳು.